ನರಭಿನ್ನ ಕಲಾವಿದರು ತಂಡ ನಡೆಸುವಾಗ: ಹುದ್ದೆಯನ್ನು ಬಿಡಿಸಿ ಮತ್ತೆ ಜೋಡಿಸುವ ಕ್ರಮ

ಕಲಾಸಂಸ್ಥೆಯೊಂದು ಕಲಾ ನಿರ್ದೇಶಕರು ಬೇಕೆಂದು ಹೊರಡಿಸುವ ಪ್ರಕಟಣೆಯನ್ನು ಪೆನ್ಸಿಲ್ ಹಿಡಿದು ಓದಿ ನೋಡಿ. ಹೊಸ ಕೃತಿಗಳನ್ನು ಕಲ್ಪಿಸಿಕೊಳ್ಳಬೇಕು, ಕಲಾವಿದರನ್ನು ಆರಿಸಬೇಕು, ಸಂಸ್ಥೆ ಯಾವ ದಿಕ್ಕಿಗೆ ಹೋಗಬೇಕೆಂದು ಹೇಳಬೇಕು ಅನ್ನುವುದೆಲ್ಲ ಎರಡು ಮೂರು ಸಾಲಿನಲ್ಲಿ ಮುಗಿದುಹೋಗುತ್ತದೆ. ಅದರ ಕೆಳಗೆ ಉದ್ದನೆಯ ಪಟ್ಟಿ: ಏಕಕಾಲಕ್ಕೆ ಹಲವು ಕೆಲಸ ನಿಭಾಯಿಸಬೇಕು, ಒತ್ತಡದಲ್ಲೂ ತಕ್ಷಣ ತೀರ್ಮಾನ ಹೇಳಬೇಕು, ಮಾತುಗಾರಿಕೆ ಇರಬೇಕು, ಅನುದಾನದ ಅರ್ಜಿ ಬರೆದು ಗೊತ್ತಿರಬೇಕು, ದಾನಿಗಳ ಜೊತೆ ಬೆರೆಯಬೇಕು, ಯಾವಾಗ ಕರೆದರೂ ಪ್ರಯಾಣಕ್ಕೆ ತಯಾರಿರಬೇಕು. ಮೊದಲಿನ ಮೂರು ಸಾಲು ಕಲೆಯ ನಾಯಕತ್ವ. ಉಳಿದದ್ದು ಕಾಲಕಾಲಕ್ಕೆ ಅದರ ಸುತ್ತ ಬೆಳೆದುಕೊಂಡ ಹುತ್ತ. ಆಟಿಸಂ (ಬೆರೆಯುವ, ಗ್ರಹಿಸುವ ರೀತಿಯೇ ಬೇರೆ), ಎಡಿಎಚ್‌ಡಿ (ಗಮನ ಜಾರುವುದು, ಚಡಪಡಿಕೆ), ಡಿಸ್ಲೆಕ್ಸಿಯಾ (ಓದು ಬರಹದ ತೊಡಕು), ಡಿಸ್ಪ್ರಾಕ್ಸಿಯಾ (ಮೈಕೈ ಚಲನೆ ಹೊಂದಿಸುವ ತೊಡಕು), ಟುರೆಟ್ (ತಡೆಯಲಾಗದ ಸದ್ದು, ಚಲನೆ) ಇರುವ ಕಲಾವಿದರು ಜರಡಿಯಲ್ಲಿ ಸೋರಿಹೋಗುವುದು ಈ ಹುತ್ತದ ಭಾಗದಲ್ಲಿ, ಮೊದಲ ಮೂರು ಸಾಲಿನಲ್ಲಲ್ಲ.

ಹುತ್ತವನ್ನು ಕೆಡವಿ, ಅದರೊಳಗಿನ ಕೆಲಸಗಳನ್ನು ಬೇರೆ ಬೇರೆ ಕೈಗಳಿಗೆ ಹಂಚಿ, ತೀರ್ಮಾನದ ಹಕ್ಕನ್ನು ಮಾತ್ರ ಕಲಾವಿದರ ಬಳಿಯೇ ಉಳಿಸುವುದು ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪದಗಳ ಬಗ್ಗೆ ಒಂದಿಷ್ಟು ಹೇಳಿಬಿಡುತ್ತೇನೆ. ನರವೈವಿಧ್ಯ, ಅಂದರೆ ನ್ಯೂರೋಡೈವರ್ಸಿಟಿ, ಆಟಿಸಂ ಇರುವವರ ಬಳಗಗಳಲ್ಲಿ 1990ರ ದಶಕದಲ್ಲಿ ಮೊಳೆತ ವಿಚಾರ. ಆಸ್ಟ್ರೇಲಿಯಾದ ಜೂಡಿ ಸಿಂಗರ್ ಅವರ ಪ್ರಬಂಧದಲ್ಲೂ ಅಮೆರಿಕದ ಪತ್ರಕರ್ತ ಹಾರ್ವೆ ಬ್ಲೂಮ್ ಅವರ ಲೇಖನದಲ್ಲೂ 1998ರಲ್ಲಿ ಅದು ಬರಹಕ್ಕೆ ಇಳಿಯಿತು. ವೈವಿಧ್ಯ ಎನ್ನುವುದು ಇಡೀ ಗುಂಪಿನ ಗುಣ. ಆದ್ದರಿಂದ ಬಹುಪಾಲು ಜನರಿಗಿಂತ ಬೇರೆ ರೀತಿ ಯೋಚಿಸುವ, ಬೇರೆ ರೀತಿ ಗ್ರಹಿಸುವ ವ್ಯಕ್ತಿಯನ್ನು ಇಲ್ಲಿ ನರಭಿನ್ನರು ಎಂದು ಕರೆಯುತ್ತೇನೆ. ಇದು ಯಾರನ್ನೂ ಅಳೆದು ತೂಗುವ ಪದವಲ್ಲ. ತೀರಿಹೋದ ಮಹಾನ್ ಕಲಾವಿದರಿಗೆಲ್ಲ ಈಗ ಕೂತು ಆಟಿಸಂ ಇತ್ತು, ಡಿಸ್ಲೆಕ್ಸಿಯಾ ಇತ್ತು ಎಂದು ಹಣೆಪಟ್ಟಿ ಅಂಟಿಸುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಅದರಿಂದ ಇವತ್ತು ತಾಲೀಮಿನ ಕೋಣೆಯಲ್ಲಿ ತಲೆ ಸಿಡಿಯುತ್ತ ಕೂತವರಿಗೆ ಒಂದು ಕುರ್ಚಿಯೂ ಸಿಗುವುದಿಲ್ಲ. ಇದು ವರ, ಇದು ಸೂಪರ್ ಪವರ್ ಎಂಬ ಮಾತಿನಿಂದಲೂ ಸಿಗುವುದಿಲ್ಲ. ವರ ಇದ್ದವರಿಗೆ ನೆರವು ಯಾಕೆ ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ.

ವೈದ್ಯರ ಪ್ರಮಾಣಪತ್ರವನ್ನೂ ಕೇಳಬೇಡಿ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರ ಐದನೇ ಆವೃತ್ತಿ ಬರುವವರೆಗೂ ಒಬ್ಬರಿಗೇ ಆಟಿಸಂ ಮತ್ತು ಎಡಿಎಚ್‌ಡಿ ಎರಡೂ ಇವೆ ಎಂದು ನಿರ್ಣಯಿಸಲು ಬಿಡುತ್ತಿರಲಿಲ್ಲ. ಅದಕ್ಕೂ ಮೊದಲು ದೊಡ್ಡವರಾದವರಲ್ಲಿ ಅರ್ಧ ನಿರ್ಣಯ ಸಿಕ್ಕವರು, ಏನೂ ಸಿಗದವರು ಬಹಳ ಮಂದಿ. ಕೇಳಬೇಕಾದ ಪ್ರಶ್ನೆ ಒಂದೇ: ಯಾವ ವ್ಯವಸ್ಥೆ ಇದ್ದರೆ ನೀವು ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲಿರಿ?

ಇದು ಬರೀ ಆಶಯವಲ್ಲ ಎನ್ನಲು ನಡೆದಿರುವ ಕೆಲಸಗಳೇ ಇವೆ. ಆಸ್ಟ್ರೇಲಿಯಾದ ಜೀಲಾಂಗ್‌ನಲ್ಲಿ 1987ರಲ್ಲಿ ಶುರುವಾದ ಬ್ಯಾಕ್ ಟು ಬ್ಯಾಕ್ ಥಿಯೇಟರಿನ ನಟವರ್ಗ ಬೌದ್ಧಿಕ ಅಂಗವೈಕಲ್ಯ ಇರುವ, ನರಭಿನ್ನರಾದ ಕಲಾವಿದರದು. ನಟರು ಆಶುವಾಗಿ ಕಟ್ಟುವ ದೃಶ್ಯಗಳಿಂದಲೇ ಅಲ್ಲಿ ನಾಟಕ ಹುಟ್ಟುತ್ತದೆ, ಒಂದೊಂದು ನಾಟಕಕ್ಕೆ ವರ್ಷಗಳೇ ಹಿಡಿಯುತ್ತವೆ. ಆ ತಂಡಕ್ಕೆ 2022ರಲ್ಲಿ ಅಂತರರಾಷ್ಟ್ರೀಯ ಇಬ್ಸನ್ ಪ್ರಶಸ್ತಿ ಬಂತು, 2024ರಲ್ಲಿ ವೆನಿಸ್ ಬಿಯೆನಾಲೆಯ ರಂಗವಿಭಾಗದಲ್ಲಿ ಜೀವಮಾನ ಸಾಧನೆಯ ಗೋಲ್ಡನ್ ಲಯನ್ ಬಂತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಥಿಯೇಟರ್ ಹೋರಾ 2012ರಲ್ಲಿ ಹೊರಗಿನ ನೃತ್ಯಸಂಯೋಜಕ ಜೆರೋಮ್ ಬೆಲ್ ಅವರ ಜೊತೆ ಮಾಡಿದ ಪ್ರಯೋಗ ಲೋಕ ಸುತ್ತಿತು. ಆದರೆ ನನಗೆ ಹೆಚ್ಚು ಮುಖ್ಯ ಅನಿಸುವುದು 2013ರ ಹೊತ್ತಿಗೆ ಅವರು ಕೈಗೆತ್ತಿಕೊಂಡ ಇನ್ನೊಂದು ಕೆಲಸ. ಅದರಲ್ಲಿ ತಂಡದ ಕಲಾವಿದರೇ ನಿರ್ದೇಶಕರಾದರು. ಬೇರೆಯವರ ಕೃತಿಯಲ್ಲಿ ಚೆನ್ನಾಗಿ ಕಾಣಿಸಿಕೊಳ್ಳುವುದು ಒಂದು, ಕೃತಿ ಯಾವುದಾಗಬೇಕೆಂದು ಹೇಳುವುದು ಇನ್ನೊಂದು. ನಡುವಿನ ಈ ಹೆಜ್ಜೆ ಇಡಲು ಬಹುತೇಕ ಸಂಸ್ಥೆಗಳು ಹೆದರುತ್ತವೆ.

ದೃಶ್ಯಕಲೆಗೆ ಕೊಡುವ ಬ್ರಿಟನ್ನಿನ ಟರ್ನರ್ ಪ್ರಶಸ್ತಿ 2025ರಲ್ಲಿ ನೆನಾ ಕಾಲು ಅವರಿಗೆ ಸಂದಿತು. ಅವರಿಗೆ ಆಟಿಸಂ ಇದೆ, ಕಲಿಕೆಯ ಅಂಗವೈಕಲ್ಯ ಇದೆ, ಮಾತು ಬಹಳ ಕಡಿಮೆ. ಟೇಪು, ಬಟ್ಟೆ, ಹಾಳೆಗಳನ್ನು ಸುತ್ತಿ ಸುತ್ತಿ ಕಟ್ಟಿದ ದೊಡ್ಡ ಶಿಲ್ಪಗಳು, ಸುಳಿಸುಳಿಯಾಗಿ ಸಾಗುವ ಚಿತ್ರಗಳು ಅವರವು. ಆಕ್ಷನ್‌ಸ್ಪೇಸ್ ಎಂಬ ಲಂಡನ್ನಿನ ಸಂಸ್ಥೆ ಎರಡು ದಶಕಕ್ಕೂ ಹೆಚ್ಚು ಕಾಲ ಸ್ಟುಡಿಯೋ ಮತ್ತು ನೆರವು ಒದಗಿಸಿದೆ. ಎರಡು ದಶಕ ಎನ್ನುವುದನ್ನು ಗಮನಿಸಿ. ಆರು ತಿಂಗಳ ಯೋಜನೆಗೆ ಅನುದಾನ ಕೊಟ್ಟು ಫಲಿತಾಂಶ ಕೇಳುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಚೀಟಿ ಬರೆಯುವುದರಿಂದ ಶುರು

ಹುದ್ದೆಯನ್ನು ಬಿಡಿಸಲು ಎರಡು ವಾರ ಬೇಕು. ನಿರ್ದೇಶಕರು ಅಥವಾ ಅವರ ಜೊತೆಗಿರುವವರು ಆ ಎರಡು ವಾರದಲ್ಲಿ ಮಾಡಿದ ಪ್ರತಿಯೊಂದು ಕೆಲಸವನ್ನೂ ಒಂದೊಂದು ಚೀಟಿಯಲ್ಲಿ ಬರೆಯುತ್ತಾರೆ. ‘ನಾಟಕದ ಸಿದ್ಧತೆ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಮೂರನೇ ದೃಶ್ಯದಿಂದ ಒಂದು ಪಾತ್ರ ತೆಗೆಯುವ ತೀರ್ಮಾನ’, ‘ಆ ನಟರಿಗೆ ಅದನ್ನು ತಿಳಿಸುವುದು’, ‘ಬದಲಾದ ಪ್ರತಿಯನ್ನು ಎಲ್ಲರಿಗೂ ಕಳಿಸುವುದು’ ಎಂದು ಮೂರು ಚೀಟಿ ಆಗಬೇಕು. ಅರವತ್ತು ಎಪ್ಪತ್ತು ಚೀಟಿ ಸುಲಭವಾಗಿ ಆಗುತ್ತವೆ. ಆಮೇಲೆ ಮೂರು ಗುಡ್ಡೆ ಮಾಡಿ. ಈ ವ್ಯಕ್ತಿಯ ಕಣ್ಣು, ಕಿವಿ, ಅಭಿರುಚಿ ಇಲ್ಲದೆ ಆಗದ ಕೆಲಸಗಳು ಒಂದು ಕಡೆ. ತೀರ್ಮಾನ ಇವರದು, ಆದರೆ ಮಾಡಿ ಮುಗಿಸುವುದು ಬೇರೆಯವರಿಂದಲೂ ಆಗಬಹುದು ಎನ್ನುವವು ಇನ್ನೊಂದು ಕಡೆ. ಇವರು ಇರಬೇಕಾಗಿಯೇ ಇಲ್ಲದವು ಮೂರನೇ ಕಡೆ. ಮೂರನೇ ಗುಡ್ಡೆ ದೊಡ್ಡದಾಗಿದ್ದರೆ ಅದನ್ನು ಆವತ್ತೇ ಬೇರೆಯವರಿಗೆ ಒಪ್ಪಿಸಿ.

ತೊಂದರೆ ಇರುವುದು ಎರಡನೇ ಗುಡ್ಡೆಯಲ್ಲಿ. ತೀರ್ಮಾನ ಒಬ್ಬರದು, ಅದನ್ನು ಹೊರಗೆ ಹೇಳುವ ಬಾಯಿ ಇನ್ನೊಬ್ಬರದು ಎಂದಾಗ, ಹೇಳುವವರೇ ನಾಯಕರು ಎಂದು ಹೊರಗಿನವರು ತಿಳಿದುಬಿಡುತ್ತಾರೆ. ಸಭೆಗಳಿಗೆ ಹೋಗುವವರು ಸಹನಿರ್ದೇಶಕರು, ಫೋನ್ ಎತ್ತುವವರು ಸಹನಿರ್ದೇಶಕರು, ಮೂರೇ ತಿಂಗಳಲ್ಲಿ ‘ಅವರನ್ನು ಕೇಳುವುದು ಯಾಕೆ, ನೀವೇ ಹೇಳಿ’ ಎಂಬ ಮಾತು ಬರುತ್ತದೆ. ಕೆಟ್ಟ ಮನಸ್ಸಿನಿಂದಲ್ಲ, ಅವಸರದಿಂದ. ತಡೆಯಲು ಒಂದು ಪುಟದ ತೀರ್ಮಾನ ಪಟ್ಟಿ ಬೇಕು. ನಾಲ್ಕು ಕಲಂ ಸಾಕು: ಯಾವ ವಿಷಯ, ಕೊನೆಯ ಮಾತು ಯಾರದು, ಯಾರನ್ನು ಕೇಳಲೇಬೇಕು, ಎಷ್ಟು ದಿನದೊಳಗೆ ಉತ್ತರ. ಖರ್ಚಿನ ವಿಷಯವಾದರೆ ಎಷ್ಟು ಮೊತ್ತದವರೆಗೆ ಕೇಳದೆ ಮುಂದುವರಿಯಬಹುದು ಎಂಬುದೂ ಅಲ್ಲೇ ಇರಲಿ. ಜೊತೆಗೆ ಸಹನಿರ್ದೇಶಕರಿಗೆ ಒಂದು ಕಟ್ಟುನಿಟ್ಟು: ನಿರ್ದೇಶಕರ ಪಾಲಿನ ವಿಷಯಕ್ಕೆ ಸಭೆಯಲ್ಲಿ ಹೂಂ ಅನ್ನುವಂತಿಲ್ಲ. ‘ಕೇಳಿ ಗುರುವಾರ ತಿಳಿಸುತ್ತೇನೆ’ ಎಂಬುದೇ ಅವರ ಉತ್ತರ. ಗುರುವಾರ ತಿಳಿಸಲೇಬೇಕು ಎಂಬುದು ಅದರ ಇನ್ನರ್ಧ. ಈ ಅರ್ಧ ತಪ್ಪಿದರೆ ವ್ಯವಸ್ಥೆಯ ಮೇಲಿನ ನಂಬಿಕೆ ಹೋಗುತ್ತದೆ, ದೂರು ಬರುವುದು ಮಾತ್ರ ನರಭಿನ್ನ ನಾಯಕರ ಮೇಲೆ.

ಆಕ್ಸೆಸ್ ರೈಡರ್

ಬ್ಯಾಂಡುಗಳು ಕಾರ್ಯಕ್ರಮಕ್ಕೆ ಮುಂಚೆ ಮೈಕು ಎಷ್ಟು, ಸ್ಪೀಕರ್ ಎಷ್ಟು ಎಂದು ರೈಡರ್, ಅಂದರೆ ಬೇಕಾದವುಗಳ ಪಟ್ಟಿ, ಕಳಿಸುತ್ತವಲ್ಲ, ಅದರ ಮಾದರಿಯಲ್ಲೇ ಕೆಲಸ ಮಾಡಲು ತಮಗೆ ಬೇಕಾದ ಅನುಕೂಲಗಳನ್ನು ತಿಳಿಸಲು ಅಂಗವಿಕಲ ಕಲಾವಿದರು ರೂಢಿಗೆ ತಂದ ಕಾಗದ ಆಕ್ಸೆಸ್ ರೈಡರ್. ಒಂದು ಪುಟ ಒಳ್ಳೆಯದು, ಎರಡಕ್ಕಿಂತ ಹೆಚ್ಚು ಬೇಡ. ಮಾಹಿತಿ ಯಾವ ರೂಪದಲ್ಲಿ ಬಂದರೆ ತಲೆಗೆ ಹತ್ತುತ್ತದೆ, ತೀರ್ಮಾನಕ್ಕೆ ಎಷ್ಟು ಹೊತ್ತು ಬೇಕು, ಕೋಣೆ ಹೇಗಿರಬೇಕು, ದಣಿವು ಮಿತಿ ಮೀರಿದಾಗ ಹೊರಗಿನಿಂದ ಏನು ಕಾಣುತ್ತದೆ, ಆಗ ಜೊತೆಗಿರುವವರು ಏನು ಮಾಡಬೇಕು, ಏನು ಮಾಡಲೇಬಾರದು. ಇಷ್ಟೇ.

ಬರೆಯುವಾಗ ಎಲ್ಲರೂ ಎಡವುವುದು ಒಂದೇ ಕಡೆ. ತಮ್ಮ ಸ್ವಭಾವ ಬರೆಯುತ್ತಾರೆ, ಬೇರೆಯವರು ಮಾಡಬೇಕಾದ ಕೆಲಸ ಬರೆಯುವುದಿಲ್ಲ. ‘ನನಗೆ ಶಬ್ದ ಆಗುವುದಿಲ್ಲ’ ಎಂಬ ಸಾಲು ಓದಿದ ಸ್ಟೇಜ್ ಮ್ಯಾನೇಜರಿಗೆ ಅನುಕಂಪ ಬರುತ್ತದೆ, ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ‘ಸೆಟ್ಟಿನಲ್ಲಿ ಡ್ರಿಲ್ಲಿಂಗ್ ಇದ್ದರೆ ಹಿಂದಿನ ದಿನವೇ ಗಂಟೆ ಸಮೇತ ತಿಳಿಸಿ, ಆ ಹೊತ್ತಿಗೆ ನಾನು ಬೇರೆ ಕೋಣೆಯಲ್ಲಿ ನಟರ ಜೊತೆ ಮಾತಿನ ಕೆಲಸ ಇಟ್ಟುಕೊಳ್ಳುತ್ತೇನೆ’ ಎಂದು ಬರೆದರೆ ವೇಳಾಪಟ್ಟಿ ಅಲ್ಲೇ ಬದಲಾಗುತ್ತದೆ. ‘ಟೀಕೆ ಕಷ್ಟ’ ಎನ್ನುವ ಬದಲು ‘ಪ್ರದರ್ಶನ ಮುಗಿದ ರಾತ್ರಿ ಸಲಹೆ ಬೇಡ, ಮರುದಿನ ಬೆಳಿಗ್ಗೆ ಬರೆದು ಕಳಿಸಿ, ಸಂಜೆ ಮಾತಾಡೋಣ’. ‘ಮುಖ ನೋಡಿ ಮಾತಾಡುವುದಿಲ್ಲ’ ಎನ್ನುವ ಬದಲು ‘ನಾನು ಬೇರೆ ಕಡೆ ನೋಡುತ್ತಿದ್ದರೆ ಕೇಳಿಸಿಕೊಳ್ಳುತ್ತಿದ್ದೇನೆ ಎಂದರ್ಥ, ಮಾತು ಮುಂದುವರಿಸಿ’.

ರೈಡರ್ ಕಡತದಲ್ಲಿ ಸೇರಿದರೆ ಸತ್ತಹಾಗೆ. ವೇಳಾಪಟ್ಟಿ ಹಾಕುವವರು, ಕೋಣೆ ಕಾದಿರಿಸುವವರು, ಪ್ರಯಾಣದ ಟಿಕೆಟ್ ಮಾಡುವವರು, ಈ ಮೂವರ ಕೈಯಲ್ಲಿ ಅದು ಇರಲೇಬೇಕು. ಖಾಸಗಿ ವಿಷಯವಿದ್ದರೆ ಎರಡು ಪ್ರತಿ ಮಾಡಿ, ಎಲ್ಲರಿಗೂ ತೋರಿಸುವುದು ಒಂದು, ಒಬ್ಬಿಬ್ಬರಿಗೆ ಮಾತ್ರ ಎನ್ನುವುದು ಇನ್ನೊಂದು. ಕರಾರಿಗೆ ಲಗತ್ತಿಸಿ. ಪ್ರತಿ ಯೋಜನೆ ಮುಗಿದ ಮೇಲೆ, ಇಲ್ಲವೇ ಆರು ತಿಂಗಳಿಗೊಮ್ಮೆ ತಿದ್ದಿ. ತಂಡದ ಎಲ್ಲರೂ ಬರೆಯಲಿ. ನಾಯಕರೊಬ್ಬರೇ ಬರೆದರೆ ಅದು ಅವರ ಲೋಪಗಳ ಪಟ್ಟಿಯಂತೆ ಕಾಣುತ್ತದೆ, ಹನ್ನೆರಡು ಜನ ಬರೆದರೆ ಕೆಲಸದ ನಕ್ಷೆಯಾಗುತ್ತದೆ.

ಸಭೆ

ಡೇಮಿಯನ್ ಮಿಲ್ಟನ್ 2012ರಲ್ಲಿ ಮುಂದಿಟ್ಟ ಒಂದು ವಿಚಾರವನ್ನು ಸಭೆ ನಡೆಸುವ ಎಲ್ಲರೂ ತಿಳಿದಿರಬೇಕು. ಆಟಿಸಂ ಇರುವವರಿಗೆ ಬೇರೆಯವರ ಮನಸ್ಸು ಅರ್ಥವಾಗುವುದಿಲ್ಲ ಎಂದು ಹೇಳಿಕೊಂಡು ಬಂದಿದ್ದೇವೆ. ಆದರೆ ಬೇರೆಯವರಿಗೂ ಆಟಿಸಂ ಇರುವವರ ಮನಸ್ಸು ಅಷ್ಟೇ ಅರ್ಥವಾಗುವುದಿಲ್ಲ, ಕೊರತೆ ಎರಡೂ ಕಡೆಯದು ಎಂದರು ಅವರು. ಆಟಿಸಂ ಇರುವ ಸಂಶೋಧಕರೇ ಅವರು. ಸಭೆಯಲ್ಲಿ ನಿರ್ದೇಶಕರು ‘ಈ ಬೆಳಕು ತಪ್ಪು’ ಎಂದರೆ ಒಬ್ಬರಿಗೆ ಅದು ಒರಟುತನ, ಹೇಳಿದವರಿಗೆ ಅದು ಬೆಳಕಿನ ಬಗೆಗಿನ ಮಾಹಿತಿ. ಹೊಂದಿಕೊಳ್ಳುವ ಹೊರೆಯನ್ನು ಒಬ್ಬರ ಹೆಗಲಿಗೇ ಹಾಕಬೇಡಿ.

ಕಾರ್ಯಸೂಚಿ 48 ಗಂಟೆ ಮುಂಚೆ ಕೈಸೇರಲಿ, ಪ್ರಶ್ನೆಯ ರೂಪದಲ್ಲಿರಲಿ. ‘ಪ್ರವಾಸ’ ಎಂಬ ಒಂದು ಪದಕ್ಕೆ ಯಾರೂ ತಯಾರಾಗಲಾರರು, ‘ಪ್ರವಾಸವನ್ನು 6 ಪ್ರದರ್ಶನಕ್ಕೆ ಇಳಿಸಬೇಕೆ?’ ಎಂದರೆ ಆಗಬಹುದು. ಪ್ರತಿ ವಿಷಯದ ಪಕ್ಕದಲ್ಲಿ ಅದು ತಿಳಿಸಲಿಕ್ಕೋ, ಚರ್ಚೆಗೋ, ತೀರ್ಮಾನಕ್ಕೋ ಎಂದು ಗುರುತಿರಲಿ. 50 ನಿಮಿಷಕ್ಕೆ ನಿಲ್ಲಿಸಿ. ಓಡಾಡುತ್ತ ಕೇಳುವವರು ಓಡಾಡಲಿ, ಕೈಯಲ್ಲಿ ಏನಾದರೂ ತಿರುಗಿಸುವವರು ತಿರುಗಿಸಲಿ, ಆನ್‌ಲೈನ್ ಆದರೆ ಕ್ಯಾಮೆರಾ ಅವರವರ ಇಷ್ಟ. ಸಭೆ ಮುಗಿದ 24 ಗಂಟೆವರೆಗೂ ಬರೆದು ಕಳಿಸಿದ ಅಭಿಪ್ರಾಯಕ್ಕೆ ಸಭೆಯಲ್ಲಿ ಆಡಿದ ಮಾತಿನಷ್ಟೇ ಬೆಲೆ. ಆ ಗಡುವು ಮುಗಿದ ಮೇಲೆ ತೀರ್ಮಾನ ಮುಚ್ಚಿತು. ಇದನ್ನು ಬಿಗಿಯಾಗಿ ಪಾಲಿಸದಿದ್ದರೆ ಒಂದೇ ವಿಷಯ ನಾಲ್ಕು ಸಲ ತೆರೆದುಕೊಳ್ಳುತ್ತದೆ, ಸ್ಪಷ್ಟತೆ ಬೇಕಾದವರಿಗೆ ಅದಕ್ಕಿಂತ ದೊಡ್ಡ ಹಿಂಸೆ ಇಲ್ಲ.

ಎಲ್ಲರೂ ಸುತ್ತ ಕೂತು ಬಾಯಿಗೆ ಬಂದ ಐಡಿಯಾ ಹೇಳುವ ಪದ್ಧತಿಯನ್ನು ಕಲಾತಂಡಗಳು ಇನ್ನೂ ಯಾಕೆ ಬಿಟ್ಟಿಲ್ಲವೋ. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುತ್ತ ತಮ್ಮ ಐಡಿಯಾ ಮರೆಯುತ್ತಾರೆ ಅಥವಾ ನುಂಗಿಕೊಳ್ಳುತ್ತಾರೆ. ಅದರಿಂದಾಗಿ ಗುಂಪಿನಲ್ಲಿ ಹುಟ್ಟುವ ಐಡಿಯಾ, ಅಷ್ಟೇ ಜನ ಒಬ್ಬೊಬ್ಬರೇ ಕೂತು ಬರೆದದ್ದಕ್ಕಿಂತ ಕಡಿಮೆ ಎಂದು ಮನೋವಿಜ್ಞಾನಿಗಳಾದ ಡೀಲ್ ಮತ್ತು ಸ್ಟ್ರೋಬೆ 1987ರಲ್ಲಿ ತೋರಿಸಿದ್ದಾರೆ. ಎಡಿಎಚ್‌ಡಿ ಇರುವವರಿಗೆ ಈ ಕಾಯುವಿಕೆಯಲ್ಲಿ ನೆನಪು ಜಾರುತ್ತದೆ, ಆಟಿಸಂ ಇರುವವರಿಗೆ ಮಾತಿನ ನಡುವೆ ನುಗ್ಗುವ ಸಂದಿ ಕಾಣುವುದಿಲ್ಲ. ಇದಕ್ಕೆ ಬದಲಾಗಿ 6-3-5 ಎಂಬ ಹಳೆಯ ಪದ್ಧತಿ ಇದೆ, ಜರ್ಮನಿಯ ಬೆರ್ಂಡ್ ರೋರ್‌ಬಾಖ್ 1968ರಲ್ಲಿ ರೂಪಿಸಿದ್ದು. 6 ಜನ, ತಲಾ 3 ಐಡಿಯಾ, 5 ನಿಮಿಷ. ಹಾಳೆಯನ್ನು ಪಕ್ಕದವರಿಗೆ ದಾಟಿಸಿ, ಅವರು ಅದನ್ನು ಓದಿ ಇನ್ನು ಮೂರು ಸೇರಿಸಿ, ಆರು ಸುತ್ತು. ಅರ್ಧ ಗಂಟೆಗೆ 108 ಐಡಿಯಾ, ಒಂದೂ ಮಾತಿಲ್ಲದೆ. ಬರವಣಿಗೆ ಕಷ್ಟವಾದವರು ಚಿತ್ರ ಬಿಡಿಸಲಿ, ಇಲ್ಲವೇ ಒಬ್ಬರು ಪಕ್ಕದಲ್ಲಿ ಕೂತು ಬರೆದುಕೊಡಲಿ. ಡಿಸ್ಲೆಕ್ಸಿಯಾ ಇರುವವರಿಗೆ 5 ನಿಮಿಷ ಸಾಲದಿದ್ದರೆ 8 ಮಾಡಿ, ಅಂಕಿಯೇನೂ ಪವಿತ್ರವಲ್ಲ.

ಇನ್ನೊಂದು ತೊಡಕು, ಬಹಳ ತಂಡಗಳನ್ನು ಒಡೆದಿರುವಂಥದ್ದು. ಎಡಿಎಚ್‌ಡಿ ಇರುವ ನಾಯಕರಲ್ಲಿ ಅನೇಕರು ಬಾಯಿಬಿಟ್ಟು ಯೋಚಿಸುತ್ತಾರೆ. ಬೆಳಿಗ್ಗೆ ‘ಇಡೀ ರಂಗವನ್ನು ನೀರಿನಲ್ಲಿ ಇಟ್ಟರೆ?’ ಎನ್ನುತ್ತಾರೆ. ಅವರಿಗೆ ಅದು ಆಟ. ವಿನ್ಯಾಸಕರು ಅದನ್ನು ಆಜ್ಞೆ ಎಂದು ತಿಳಿದು ತೊಟ್ಟಿ ಮಾಡುವವರನ್ನು ವಿಚಾರಿಸಲು ಹೋಗಿರುತ್ತಾರೆ. ಮರುದಿನ ಅದು ನಾಯಕರಿಗೆ ನೆನಪಿಲ್ಲ. ಎರಡು ತಿಂಗಳಲ್ಲಿ ತಂಡ ಅವರ ಯಾವ ಮಾತನ್ನೂ ನಂಬುವುದಿಲ್ಲ. ಮೂರು ಪದಗಳಿಂದ ಇದು ಸರಿಹೋಗುತ್ತದೆ: ಯೋಚನೆ, ಪ್ರಸ್ತಾಪ, ತೀರ್ಮಾನ. ಯಾವುದನ್ನೇ ಹೇಳಲಿ, ಇದು ಮೂರರಲ್ಲಿ ಯಾವುದು ಎಂದು ಕೇಳುವ ಹಕ್ಕು ತಂಡದ ಪ್ರತಿಯೊಬ್ಬರಿಗೂ ಇರಬೇಕು, ಕೇಳಿದರೆ ಬೇಸರಪಡದೆ ಉತ್ತರಿಸುವುದು ನಾಯಕರ ಜವಾಬ್ದಾರಿ. ಯೋಚನೆಗೆ ಯಾರೂ ಹಣ, ಸಮಯ ಖರ್ಚು ಮಾಡುವಂತಿಲ್ಲ. ಪ್ರಸ್ತಾಪವಾದರೆ ಒಬ್ಬರು ಒಂದು ದಿನದ ಮಟ್ಟಿಗೆ ವಿಚಾರಿಸಬಹುದು. ತೀರ್ಮಾನ ಎನ್ನುವುದು ಸ್ಟೇಜ್ ಮ್ಯಾನೇಜರಿನ ಪುಸ್ತಕದಲ್ಲಿ ತಾರೀಖು ಸಮೇತ ಬರೆದದ್ದು ಮಾತ್ರ. ನಾಯಕರು ಮನಸ್ಸು ಬದಲಿಸಬಹುದು, ಆದರೆ ಪುಸ್ತಕ ತೆಗೆದು ಹಳೆಯ ಸಾಲು ಹೊಡೆದು ಹೊಸದು ಬರೆಸಬೇಕು. ಹೊಡೆದುಹಾಕುವ ಆ ಒಂದು ಕ್ಷಣದಲ್ಲಿ ಎಷ್ಟೋ ಬದಲಾವಣೆ ತಾನಾಗಿಯೇ ಬಿದ್ದುಹೋಗುತ್ತದೆ.

ತಾಲೀಮು ಮತ್ತು ಟೆಕ್ನಿಕಲ್ ರಿಹರ್ಸಲ್

ತಾಲೀಮಿನ ಕೋಣೆಯ ಮಾತು ಬೇಗ ಮುಗಿಸುತ್ತೇನೆ, ಇಲ್ಲಿ ಮಾಡಬೇಕಾದ್ದು ಸುಲಭ. ದಿನದ ಕ್ರಮವನ್ನು ದೊಡ್ಡ ಹಲಗೆಯಲ್ಲಿ ಬರೆದಿಡಿ, ಬದಲಾದರೆ ಅಳಿಸದೆ ಬೇರೆ ಬಣ್ಣದಲ್ಲಿ ತಿದ್ದಿ, ಏನು ಬದಲಾಯಿತೆಂದು ಕಾಣಲಿ. 90 ನಿಮಿಷಕ್ಕೆ 15 ನಿಮಿಷ ಬಿಡುವು. ಮಿಣುಕುವ ಟ್ಯೂಬ್‌ಲೈಟ್ ಬದಲಿಸಿ. ಸುಮ್ಮನೆ ಕೂರಲು ಒಂದು ಕೋಣೆ ಇರಲಿ, ಸಾಮಾನು ತುಂಬಿದ ಗೋದಾಮನ್ನು ಆ ಹೆಸರಿನಿಂದ ಕರೆಯಬೇಡಿ.

ಕಷ್ಟ ಇರುವುದು ಟೆಕ್ನಿಕಲ್ ರಿಹರ್ಸಲ್‌ನಲ್ಲಿ, ಅಂದರೆ ಬೆಳಕು, ಧ್ವನಿಗಳನ್ನೆಲ್ಲ ರಂಗಮಂದಿರದಲ್ಲಿ ಹೊಂದಿಸುವ ತಾಲೀಮಿನಲ್ಲಿ. ಚಿಕ್ಕದಾಗಿ ಇದನ್ನು ಟೆಕ್ ಎನ್ನುತ್ತಾರೆ. ಕತ್ತಲ ಸಭಾಂಗಣ, ಮುಖಕ್ಕೆ ಹೊಡೆಯುವ ಮಾನಿಟರ್, ಹೆಡ್‌ಸೆಟ್‌ನಲ್ಲಿ ನಾಲ್ಕು ದನಿ, ಒಮ್ಮೆಗೇ ಎದೆಗೆ ಗುದ್ದುವ ಸಬ್‌ವೂಫರ್, ಹತ್ತು ಹನ್ನೆರಡು ಗಂಟೆ, ನೂರಾರು ಕ್ಯೂ (ಬೆಳಕು, ಸದ್ದು ಬದಲಾಗಬೇಕಾದ ಕ್ಷಣದ ಸೂಚನೆ), ಪ್ರತಿಯೊಂದಕ್ಕೂ ‘ಸರಿಯಾ?’ ಎಂಬ ಪ್ರಶ್ನೆ. ಕಣ್ಣು ಕಿವಿ ಸೂಕ್ಷ್ಮವಾಗಿರುವ ನಿರ್ದೇಶಕರು ಇಲ್ಲಿ ಸಂಜೆ ಹೊತ್ತಿಗೆ ಎಲ್ಲದಕ್ಕೂ ಸರಿ ಎನ್ನತೊಡಗುತ್ತಾರೆ. ಕೃತಿ ಕೆಡುವುದು ಆಗ. ಅವರ ಸೂಕ್ಷ್ಮತೆಯೇ ಬೆಳಕು ಶಬ್ದಗಳ ಬಗ್ಗೆ ಅವರ ತೀರ್ಮಾನವನ್ನು ಬೆಲೆಯುಳ್ಳದ್ದಾಗಿಸಿದೆ. ಅದನ್ನು ಸವೆಸಿ, ಸವೆದ ಮೇಲೆ ತೀರ್ಮಾನ ಕೇಳುವುದು ಕುರುಡು ವ್ಯವಸ್ಥೆ.

ಹಾಗಾಗಿ ತೀರ್ಮಾನಗಳನ್ನು ಮುಂಚೆಗೆ ಎಳೆದುಕೊಳ್ಳಿ. ಮೂರು ನಾಲ್ಕು ದಿನ ಮುಂಚೆ ಪೇಪರ್ ಟೆಕ್ ಮಾಡಿ, ಅಂದರೆ ನಿರ್ದೇಶಕರು, ಬೆಳಕು, ಧ್ವನಿ, ಸ್ಟೇಜ್ ಮ್ಯಾನೇಜರ್ ನಾಲ್ವರೇ ಮೇಜಿನ ಸುತ್ತ ಕೂತು ನಾಟಕದ ಪ್ರತಿಯಲ್ಲಿ ಕ್ಯೂಗಳನ್ನು ಗುರುತಿಸುವುದು. ಎರಡು ಸಲ ಎರಡೆರಡು ಗಂಟೆ ಕೂತರೆ ಅರ್ಧ ಪ್ರಶ್ನೆಗಳು ಮುಗಿಯುತ್ತವೆ. ಆಮೇಲೆ ನಟರಿಲ್ಲದೆ ಬೆಳಕಿಗೆ ಒಂದು ಹೊತ್ತು, ಧ್ವನಿಯ ಮಟ್ಟ ಹೊಂದಿಸಲು ಇನ್ನೊಂದು ಹೊತ್ತು, ಎರಡನ್ನೂ ಒಂದೇ ಹೊತ್ತಿಗೆ ಹಾಕಬೇಡಿ. ನಟರ ಜೊತೆ ಟೆಕ್ ಮಾಡುವಾಗ ಒಂದು ದಿನದ ಹನ್ನೆರಡು ಗಂಟೆಯನ್ನು ಎರಡು ದಿನದ ಆರಾರು ಗಂಟೆ ಮಾಡಿ. ರಂಗಮಂದಿರದ ಬಾಡಿಗೆ ಒಂದು ದಿನ ಹೆಚ್ಚುತ್ತದೆ, ಅದು ನಿಜ, ಅದನ್ನು ಬಜೆಟ್ಟಿನಲ್ಲಿ ಮೊದಲೇ ಬರೆಯಿರಿ. ಹೆಡ್‌ಸೆಟ್‌ನಲ್ಲಿ ನಿರ್ದೇಶಕರ ಕಿವಿಗೆ ಸ್ಟೇಜ್ ಮ್ಯಾನೇಜರಿನ ದನಿ ಮಾತ್ರ ಬರಲಿ, ಉಳಿದವರು ಅವರ ಮೂಲಕ. ‘ಸರಿಯಾ?’ ಎಂದು ಕೇಳಬೇಡಿ, ‘ಮೊದಲಿನದಾ, ಈಗಿನದಾ?’ ಎಂದು ಎರಡನ್ನೂ ತೋರಿಸಿ ಕೇಳಿ. ಆಯ್ಕೆ ಎದುರಿಗಿದ್ದರೆ ದಣಿದ ತಲೆಗೂ ಉತ್ತರ ಹೊಳೆಯುತ್ತದೆ. ಸ್ಟ್ರೋಬ್, ಅಂದರೆ ಪಟಪಟನೆ ಮಿಂಚುವ ದೀಪ, ಬೇಕೇಬೇಕು ಎಂದಾದರೆ ಸೆಕೆಂಡಿಗೆ 3 ಮಿಂಚಿಗಿಂತ ಕೆಳಗಿಡಿ. ಬೆಳಕಿನಿಂದ ಅಪಸ್ಮಾರ ಕೆರಳುವವರಿಗಾಗಿ ವೆಬ್‌ಪುಟಗಳಿಗೆ ಹಾಕಿಕೊಂಡಿರುವ ಮಿತಿ ಅದು. ಟೆಕ್‌ನಲ್ಲೂ ಹಚ್ಚುವ ಮೊದಲು ಕೂಗಿ ಹೇಳಿ.

ನಾಯಕರ ಅಗತ್ಯಕ್ಕೆ ಬದಲಾದ ವ್ಯವಸ್ಥೆ ಪ್ರೇಕ್ಷಕರವರೆಗೂ ಹೋಗುತ್ತದೆ. ಟುರೆಟ್ ಇರುವ ಬ್ರಿಟನ್ನಿನ ಕಲಾವಿದೆ ಜೆಸ್ ಥಾಮ್ ಪ್ರೇಕ್ಷಕಿಯಾಗಿ ಹೋಗಿದ್ದ ಒಂದು ಪ್ರದರ್ಶನದಲ್ಲಿ, ಅವರ ಟಿಕ್‌ಗಳ ಸದ್ದಿಗೆ ದೂರು ಬಂದು, ಅವರನ್ನು ಧ್ವನಿ ನಿಯಂತ್ರಣದ ಬೂತಿನಲ್ಲಿ ಕೂರಲು ಹೇಳಲಾಯಿತು. 2010ರಲ್ಲಿ ಟುರೆಟ್ಸ್‌ಹೀರೋ ಸಂಸ್ಥೆಯನ್ನು ಜೊತೆಗೂಡಿ ಕಟ್ಟಿದ ಅವರು, ಮುಂದೆ 2014ರಲ್ಲಿ ತಮ್ಮದೇ ಪ್ರದರ್ಶನದೊಂದಿಗೆ ರಂಗಕ್ಕೆ ಬಂದರು. ಸದ್ದು, ಓಡಾಟ, ಹೊರಗೆ ಹೋಗಿ ಬರುವುದು ಎಲ್ಲಕ್ಕೂ ಅವಕಾಶವಿರುವ ರಿಲ್ಯಾಕ್ಸ್ಡ್ ಪ್ರದರ್ಶನಗಳನ್ನು ಬೆಳೆಸಿದವರಲ್ಲಿ ಅವರು ಮುಖ್ಯರು. ಲಂಡನ್ನಿನ ಬ್ಯಾಟರ್‌ಸೀ ಆರ್ಟ್ಸ್ ಸೆಂಟರ್ ಅವರ ಸಂಸ್ಥೆಯ ಜೊತೆ ಸೇರಿ 2020ರಲ್ಲಿ ಇಡೀ ಕಟ್ಟಡವನ್ನೇ ಆ ರೀತಿಗೆ ಹೊಂದಿಸಿತು.

ಅಕ್ಷರ, ಗಡುವು, ಗಂಟೆಗಳ ಲೆಕ್ಕ

ಡಿಸ್ಲೆಕ್ಸಿಯಾ ಇರುವ ನಾಯಕರಿಗೆ ಕೊಡುವ ಕಾಗದ: ಅಕ್ಷರ 12ರಿಂದ 14 ಪಾಯಿಂಟ್, ಸಾಲಿನ ಅಂತರ ಒಂದೂವರೆ, ಎಡಕ್ಕೆ ಮಾತ್ರ ಹೊಂದಿಕೆ, ಇಟಾಲಿಕ್ ಬೇಡ, ಅಡಿಗೆರೆ ಬೇಡ, ಹಾಳೆ ಕೆನೆ ಬಣ್ಣದ್ದು. ಕನ್ನಡದಲ್ಲಿ ಒತ್ತಕ್ಷರಗಳು ಕೆಳಗಿಳಿಯುತ್ತವೆ, ಗುಡಿಸುಗಳು ಮೇಲೇರುತ್ತವೆ, ಸಾಲುಗಳು ಹತ್ತಿರವಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಆದ್ದರಿಂದ ಅಂತರವನ್ನು ಇನ್ನಷ್ಟು ಹೆಚ್ಚಿಸಿದರೂ ತಪ್ಪಿಲ್ಲ. ಉದ್ದನೆಯ ದಾಖಲೆಯನ್ನು ಯಾರಾದರೂ ಓದಿ ಧ್ವನಿಮುದ್ರಿಸಿ ಕಳಿಸಲಿ. ಅನುದಾನ ಕೊಡುವವರನ್ನು ವಿಡಿಯೋ ಅಥವಾ ಧ್ವನಿ ರೂಪದ ಅರ್ಜಿ ತೆಗೆದುಕೊಳ್ಳುತ್ತೀರಾ ಎಂದು ಕೇಳಿ, ಕೇಳಿದರೆ ಒಪ್ಪುವವರು ಇದ್ದಾರೆ. ಒಪ್ಪದಿದ್ದರೆ ನಾಯಕರು ಒಂದು ಗಂಟೆ ಮಾತಾಡಲಿ, ಅದನ್ನು ಅಕ್ಷರಕ್ಕಿಳಿಸಿ ಬೇರೊಬ್ಬರು ಅರ್ಜಿ ಬರೆಯಲಿ. ಅವರ ಮಾತಿನ ಧಾಟಿ ಅಳಿಸಿ ಕಚೇರಿಯ ಭಾಷೆ ತುಂಬುವುದು ಇಲ್ಲಿ ಆಗುವ ತಪ್ಪು. ಕಳಿಸುವ ಮುಂಚೆ ಅವರಿಗೆ ಓದಿ ಹೇಳಿ.

ಗಡುವಿನ ವಿಷಯದಲ್ಲಿ ಫೋನಿನ ರಿಮೈಂಡರ್ ನಂಬಬೇಡಿ. ಮೂರನೇ ದಿನಕ್ಕೆ ಅದು ಕಾಣದ ವಸ್ತುವಾಗುತ್ತದೆ. ಎಡಿಎಚ್‌ಡಿ ಇರುವವರಿಗೆ ದೂರದ ತಾರೀಖು ಮಂಜಿನಲ್ಲಿದ್ದ ಹಾಗೆ, ಎದುರಿಗಿರುವ ಮನುಷ್ಯ ಸ್ಪಷ್ಟ. ‘ಮಂಗಳವಾರ 11ಕ್ಕೆ ಇಬ್ಬರೂ ಕೂತು ಪಾತ್ರಗಳ ಪಟ್ಟಿ ಮುಗಿಸುವುದು’ ಎಂಬುದು ಗಡುವು. ಪಕ್ಕದಲ್ಲಿ ಒಬ್ಬರು ತಮ್ಮ ಕೆಲಸ ಮಾಡುತ್ತ ಸುಮ್ಮನೆ ಕೂತಿದ್ದರೂ ಸಾಕು, ಎಷ್ಟೋ ಜನರಿಗೆ ಕೆಲಸ ಸಾಗುತ್ತದೆ.

ನೆರವಿನ ಗಂಟೆಗಳನ್ನು ಬಜೆಟ್ಟಿನ ಮೊದಲ ಕರಡಿನಲ್ಲೇ, ಅದರದೇ ಸಾಲಿನಲ್ಲಿ ಬರೆಯಿರಿ. ಉಳಿದ ಹಣದಲ್ಲಿ ನೋಡೋಣ ಎಂದರೆ ಹಣ ಉಳಿಯುವುದಿಲ್ಲ. ಲೆಕ್ಕ ಹೀಗೆ: 10 ವಾರದ ಯೋಜನೆ, ವಾರಕ್ಕೆ 12 ಗಂಟೆ ನೆರವು ಎಂದರೆ 120 ಗಂಟೆ. ಶುರುವಿಗೆ ಮುಂಚಿನ ತಯಾರಿಗೆ 12, ಮುಗಿದ ಮೇಲಿನ ಕಾಗದಪತ್ರಕ್ಕೆ 12. ಟೆಕ್ ವಾರದಲ್ಲಿ ದುಪ್ಪಟ್ಟು ಬೇಕು, ಅದಕ್ಕೆ ಇನ್ನು 12. ಒಟ್ಟು 156. ಜನ ಮರೆಯುವುದು ಕೊನೆಯ ಮೂರು ಹನ್ನೆರಡುಗಳನ್ನು, ಆ 36 ಗಂಟೆಯನ್ನು ಆಮೇಲೆ ಯಾರೋ ಸಂಬಳವಿಲ್ಲದೆ ದುಡಿಯುತ್ತಾರೆ.

ನೆರವಿನವರು ನಾಯಕರಾಗಿಬಿಡುವುದು

ಪಕ್ಕದಲ್ಲಿ ಕೂತು ನೆರವಾಗುವವರು ಕಲಾವಿದರೇ ಆಗಿದ್ದರೆ ಅಪಾಯ ಹೆಚ್ಚು. ಖಾಲಿ ಜಾಗ ಕಂಡರೆ ಅವರ ಕೈ ತುರಿಸುತ್ತದೆ. ಮಾತು ಕಡಿಮೆ ಇರುವ ನಿರ್ದೇಶಕರಿಗೆ ಎರಡು ಬಣ್ಣ ತೋರಿಸುವಾಗ ತಮಗಿಷ್ಟದ್ದನ್ನು ಬಲಗೈಯಲ್ಲಿ ಮುಂದಕ್ಕೆ ಹಿಡಿಯುತ್ತಾರೆ, ತಿಳಿಯದೆಯೇ. ಆದ್ದರಿಂದ ಆಯ್ಕೆಗಳನ್ನು ಮೇಜಿನ ಮೇಲಿಟ್ಟು ಕೈ ಹಿಂದಕ್ಕೆ ತೆಗೆಯಿರಿ, ಜಾಗ ಅದಲುಬದಲು ಮಾಡಿ ಇನ್ನೊಮ್ಮೆ ತೋರಿಸಿ, ಮೂರನೆಯದಾಗಿ ‘ಎರಡೂ ಬೇಡ’ ಎನ್ನುವುದಕ್ಕೂ ಒಂದು ಕಾರ್ಡ್ ಇರಲಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಆ ಮೌನದಲ್ಲಿ ಪ್ರಶ್ನೆಯನ್ನು ಬೇರೆ ಪದಗಳಲ್ಲಿ ಮತ್ತೆ ಕೇಳಿದರೆ ಅವರು ಮೊದಲಿನಿಂದ ಯೋಚಿಸಬೇಕಾಗುತ್ತದೆ. ತಿಂಗಳಿಗೊಮ್ಮೆ ಹೊರಗಿನವರೊಬ್ಬರು ಬಂದು ಎರಡು ಗಂಟೆ ಕೂತು, ತೀರ್ಮಾನಗಳು ಯಾರಿಂದ ಬಂದವು ಎಂದು ಗುರುತು ಹಾಕಲಿ. ಒಬ್ಬರೇ ನೆರವಿನವರನ್ನು ನೆಚ್ಚಿಕೊಳ್ಳಬೇಡಿ. ಅವರು ಬಿಟ್ಟುಹೋದ ದಿನ ನಾಯಕರ ಹುದ್ದೆಯೂ ಹೋದಂತೆ. ಇಬ್ಬರು ಇರಲಿ, ಬದಲಾಗುವಾಗ ಕನಿಷ್ಠ ನಾಲ್ಕು ವಾರ ಹಳಬರೂ ಹೊಸಬರೂ ಒಟ್ಟಿಗೆ ಕೆಲಸ ಮಾಡಲಿ.

ನಾಯಕರೂ ನರಭಿನ್ನರು, ತಂಡದವರಲ್ಲಿ ಕೆಲವರೂ ನರಭಿನ್ನರು ಎಂದಾಗ ಅಗತ್ಯಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಒಬ್ಬರಿಗೆ ಗುನುಗುತ್ತ ನಡೆದಾಡಿದರೆ ಮಾತ್ರ ಯೋಚನೆ ಬರುತ್ತದೆ, ಇನ್ನೊಬ್ಬರಿಗೆ ಆ ಗುನುಗು ಕಿವಿಗೆ ಮುಳ್ಳು. ನಾಯಕರ ಅಗತ್ಯವೇ ಗೆಲ್ಲಬೇಕು ಎಂಬ ರೂಢಿ ಬೆಳೆಯಬಾರದು. ಸಮಯ ಅಥವಾ ಜಾಗ ಬೇರೆ ಮಾಡಿ: ಮೊದಲ 40 ನಿಮಿಷ ಸದ್ದಿಲ್ಲದ ಹೊತ್ತು, ಮುಂದಿನ 40 ಸದ್ದಿನ ಹೊತ್ತು, ಇಲ್ಲವೇ ಎರಡು ಕೋಣೆ ಮತ್ತು ನಡುವೆ ಓಡಾಡುವ ಒಬ್ಬರು. ಇದನ್ನು ಜಗಳವಾದ ದಿನ ಅಲ್ಲ, ರೈಡರ್‌ಗಳನ್ನು ಪಕ್ಕಪಕ್ಕ ಇಟ್ಟು ಓದುವ ಮೊದಲ ವಾರದಲ್ಲೇ ಹುಡುಕಿಕೊಳ್ಳಬೇಕು.

ಉಳಿದದ್ದು ಪ್ರದರ್ಶನದ ನಂತರದ ದಿನಗಳು. ಆಟಿಸಂ ಇರುವವರ ಬರ್ನ್‌ಔಟ್, ಅಂದರೆ ಶಕ್ತಿಯೆಲ್ಲ ಬತ್ತಿಹೋಗುವ ಸ್ಥಿತಿಯ ಬಗ್ಗೆ 2020ರಲ್ಲಿ ಡೋರಾ ರೇಮೇಕರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಮೂರು ಲಕ್ಷಣ ಗುರುತಿಸಿತು: ದೀರ್ಘ ಆಯಾಸ, ಇದ್ದ ಕೌಶಲಗಳೇ ಕೈತಪ್ಪುವುದು, ಬೆಳಕು ಸದ್ದುಗಳನ್ನು ತಾಳುವ ಶಕ್ತಿ ಕುಗ್ಗುವುದು. ಎಲ್ಲರಂತೆ ಕಾಣಲು ತಿಂಗಳುಗಟ್ಟಲೆ ಪಡುವ ಪಾಡು ಇದಕ್ಕೆ ದೊಡ್ಡ ಕಾರಣ. ಮೊದಲ ಪ್ರದರ್ಶನದ ಮರುದಿನವೇ ಸಂದರ್ಶನ, ಸತ್ಕಾರಕೂಟ, ಮುಂದಿನ ಯೋಜನೆಯ ಸಭೆ ಇಟ್ಟು ಈ ಸ್ಥಿತಿಯನ್ನು ನಾವೇ ಕರೆತರುತ್ತೇವೆ. ಪ್ರದರ್ಶನದ ತಾರೀಖನ್ನು ಹೊರಗೆ ಹೇಳುವ ಮೊದಲೇ ಅದರ ನಂತರದ 10 ದಿನಗಳನ್ನು ಕ್ಯಾಲೆಂಡರಿನಲ್ಲಿ ಮುಚ್ಚಿ. ಆ ದಿನಗಳಲ್ಲಿ ಬರುವ ಕರೆಗಳಿಗೆ ಉತ್ತರಿಸುವವರ ಹೆಸರನ್ನು ಅದೇ ಕ್ಯಾಲೆಂಡರಿನಲ್ಲಿ ಬರೆಯಿರಿ. ವಿಮರ್ಶೆಗಳನ್ನು ಒಬ್ಬರು ಓದಿ ಕೂಡಿಸಿಡಲಿ, ನಾಯಕರು ಕೇಳಿದ ದಿನ ಕೊಡಲಿ. ಹತ್ತನೇ ದಿನ ಸಭೆ ಕರೆಯಬೇಡಿ, ಹನ್ನೊಂದನೇ ದಿನ ಎರಡು ಪ್ರಶ್ನೆಯ ಒಂದು ಚೀಟಿ ಕಳಿಸಿ: ರೈಡರ್‌ನಲ್ಲಿ ಯಾವ ಸಾಲು ಬದಲಾಗಬೇಕು, ತೀರ್ಮಾನ ಪಟ್ಟಿಯಲ್ಲಿ ಯಾವ ಸಾಲು ಬದಲಾಗಬೇಕು. ಉತ್ತರಕ್ಕೆ ಒಂದು ವಾರ ಕೊಡಿ.